ಕರಡಿಗೆ ಇಟ್ಟ ಬನ್ಸು

ಕುದ್ರೋಳಿಯ ನಮ್ಮ ಓಣಿಯಲ್ಲಿ ಪ್ರತಿ ವರ್ಷ ಮಾರ್ನಮಿಗೆ ಕರಡಿ ಬೇಟೆ ನಡೆಯುತ್ತದೆ. ಅರಣ್ಯ ಇಲಾಖೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಜೀಪು ಹೊರಡಿಸುವ ಅಗತ್ಯವಿಲ್ಲ. ಕರಡಿ ಎಂದರೆ ಕರಡಿಯ ವೇಷ. ಕೋವಿ ಎಂದರೆ ಹಲಸಿನ ಮರದ ಕೋವಿ. ಪಟಾಕಿ ಕೇಪಿನ ಸುರುಳಿ ಇಟ್ಟು ಕೋವಿಯ ಕುದುರೆ ಎಳೆದರೆ ಢಂ ಎಂದು ಒಂದು ಶಬ್ದ, ಮೂಗಿಗೆ ಹಿಡಿಯುವಷ್ಟು ಹೊಗೆ, ಅಷ್ಟೇ. ನವರಾತ್ರಿಯ ದಿನಗಳಲ್ಲಿ ಬೇಟೆಗಾರನು ಡೋಲು ತಾಸೆಯ ಸಮೇತ ಮನೆಮನೆಯ ಅಂಗಳಕ್ಕೆ ಹೋಗುತ್ತಾನೆ, ಕರಡಿಯನ್ನು ಅಟ್ಟುತ್ತಾನೆ, ಗುರಿ ತಪ್ಪಿ ಕರಡಿಯಿಂದಲೇ ಅಟ್ಟಿಸಿಕೊಳ್ಳುತ್ತಾನೆ, ಕೊನೆಗೆ ಢಂ ಎನ್ನಿಸುತ್ತಾನೆ. ಕರಡಿ ಬೀಳುತ್ತದೆ, ಸಣ್ಣ ಮಕ್ಕಳು ಅಳುತ್ತವೆ, ಕರಡಿ ಎದ್ದು ಮುಂದಿನ ಮನೆಗೆ ಹೋಗುತ್ತದೆ.

ಹುಲಿ ವೇಷದ ತಂಡಗಳು ಮಂಗಳೂರಿನಲ್ಲಿ ಕಲ್ಲು ಬಿಸಾಡಿದಲ್ಲೆಲ್ಲ ಉಂಟು. ಕರಡಿ ಬೇಟೆ ಮಾತ್ರ ನಮ್ಮದು. ಆ ಕರಡಿಯ ಅಂಗಿ ಹೊಲಿಯುವವನು ನಾನು. ಕಪ್ಪು ಬಣ್ಣ ಹಾಕಿದ ಸೆಣಬಿನ ನಾರನ್ನು ಬಟ್ಟೆಗೆ ಒಂದೊಂದೇ ಸಾಲು ಸೇರಿಸಿ ಹೊಲಿಯಬೇಕು. ವರ್ಷದ ಉಳಿದ ದಿನ ಶರ್ಟು ಪ್ಯಾಂಟು ಹೊಲಿಯುತ್ತೇನೆ. ಅದನ್ನು ಯಾರು ಬೇಕಾದರೂ ಹೊಲಿಯಬಹುದು.

ಕೋವಿ ದುಗ್ಗಪ್ಪಣ್ಣನದು. ಅವರ ಅಪ್ಪನಿಂದ ಅವರಿಗೆ ಬಂದದ್ದು. ದುಗ್ಗಪ್ಪಣ್ಣ ಬೇಟೆಗಾರನಾಗಿ ಇಳಿದರೆ ಬೊಗಳುತ್ತಿದ್ದ ನಾಯಿ ಬಾಯಿ ಮುಚ್ಚುತ್ತಿತ್ತು ಎಂದು ಹೇಳುತ್ತಾರೆ. ಹೆಚ್ಚಾಗಿ ಅವರೇ ಹೇಳುತ್ತಾರೆ. ಮೊಣಕಾಲು ಕೈಕೊಟ್ಟ ಮೇಲೆ ವೇಷವನ್ನು ಮಗ ಮುಖೇಶನಿಗೆ ಬಿಟ್ಟರು, ಕೋವಿಯನ್ನು ಬಿಡಲಿಲ್ಲ. ಮಾರ್ನಮಿಯ ಬೆಳಿಗ್ಗೆ ಮಂಚದಡಿಯಿಂದ ತೆಗೆದು ಕೊಡುವುದು, ದಶಮಿಯ ಸಂಜೆ ಒರೆಸಿ ವಾಪಸು ಇಡುವುದು. ಬೇಟೆ ಮುಗಿದ ಮೇಲೆ ಮುಖೇಶ ಬೆವರು ಒರೆಸಿಕೊಳ್ಳುತ್ತ ಅಪ್ಪನ ಮುಖ ನೋಡುತ್ತಾನೆ. ದುಗ್ಗಪ್ಪಣ್ಣ ಪ್ರತಿ ವರ್ಷವೂ ಒಂದೇ ಮಾತು ಹೇಳುತ್ತಾರೆ: "ಕರಡಿ ಚಂದ ಮಾಡಿತು." ಕಂಕನಾಡಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುವ ಮುಖೇಶನಿಗೆ ಜೀವನದಲ್ಲಿ ಇದ್ದ ಆಸೆ ಒಂದೇ, ಆ ವಾಕ್ಯದಲ್ಲಿ ಕರಡಿ ಇದ್ದ ಜಾಗದಲ್ಲಿ ತಾನು ಬರಬೇಕು.

ಈ ವರ್ಷ ಚೌತಿ ಕಳೆಯುವಷ್ಟರಲ್ಲಿ ಕರಡಿಯೇ ಇಲ್ಲದಾಯಿತು. ಕರಡಿಯಾಗುತ್ತಿದ್ದ ಅಣ್ಣುವಿಗೆ ಮೊಣಕಾಲು ಬದಲಾಯಿಸಿದರು. ಕುಣಿದರೆ ಮತ್ತೆ ಬದಲಾಯಿಸಲು ಕಾಲೇ ಉಳಿಯುವುದಿಲ್ಲ ಎಂದರಂತೆ ಡಾಕ್ಟರು. ಮುಖೇಶ ಓಣಿಯ ಹುಡುಗರನ್ನೆಲ್ಲ ಕೇಳಿ ನೋಡಿದ. ಎಲ್ಲರಿಗೂ ಹುಲಿಯೇ ಆಗಬೇಕು. ಗೌರವ್ ಎಂಬ ಹುಡುಗ ನನ್ನ ಅಂಗಡಿಯ ಎದುರಿನಲ್ಲೇ ನಿಂತು ಹೇಳಿದ:

"ಕರಡಿಗೆ ಮುಖ ಕಾಣುದಿಲ್ಲ ಅಣ್ಣ. ನಾನು ಅಷ್ಟು ಸಮಯ ಜಿಮ್ಮಿಗೆ ಹೋದದ್ದು ಗೋಣಿಯ ಒಳಗೆ ಕೂತುಕೊಳ್ಳಲಿಕ್ಕಾ?"

ಗೋಣಿ! ನನ್ನ ಕೈಯಲ್ಲಿ ಕತ್ತರಿ ಇತ್ತು. ದೇವರು ದೊಡ್ಡವನು, ಅವನು ಸ್ಕೂಟರ್ ಸ್ಟಾರ್ಟ್ ಮಾಡಿ ಹೋದ.

ಸುದ್ದಿ ತಿಳಿದು ದುಗ್ಗಪ್ಪಣ್ಣ ಕೋವಿಯನ್ನು ಲುಂಗಿಯಲ್ಲಿ ಸುತ್ತಿ, ರಿಕ್ಷಾ ಕರೆಸಿ, ಕೊಟ್ಟಾರದ ಮಗಳ ಮನೆಗೆ ಹೊರಟರು. ಮೆಟ್ಟಿಲಿಳಿಯುತ್ತ ಇಡೀ ಓಣಿಗೆ ಕೇಳುವಂತೆ ಹೇಳಿದರು: "ಕರಡಿ ಇಲ್ಲದ ಬೇಟೆಗಾರನ ಮನೆಯಲ್ಲಿ ನಾನು ನೀರು ಸಹ ಕುಡಿಯುದಿಲ್ಲ. ಮಾರ್ನಮಿಯ ಒಳಗೆ ಕರಡಿ ಆಗದಿದ್ದರೆ ಕೋವಿ ಜಿತೇಶನಿಗೆ!"

ಜಿತೇಶ ಅವರ ಅಳಿಯ. ಮದುವೆ ಮನೆಗಳಿಗೆ ಡಿಜೆ ಹಾಕುವವನು. ಕೋವಿ ತನಗೆ ಸಿಕ್ಕಿದರೆ ಅದರ ಸುತ್ತ ಎಲ್‌ಇಡಿ ಲೈಟು ಸುತ್ತುತ್ತೇನೆ ಎಂದು ಆಗಲೇ ಹೇಳಿಕೊಂಡಿದ್ದ. ಆ ಹಲಸಿನ ಕೋವಿಗೆ ಮಿಣಿಮಿಣಿ ಲೈಟು! ಕೇಳಿ ನನಗೇ ಹೊಟ್ಟೆ ಉರಿಯಿತು, ಮುಖೇಶನ ಗತಿ ಏನಾಗಿರಬೇಡ.

ಅದೇ ವಾರ ಮುಖೇಶ ಅಂಗಡಿಗೆ ಬಂದು, ಷಟರ್ ಅರ್ಧ ಎಳೆದು, ಮೊಬೈಲು ನನ್ನ ಮೂಗಿಗೆ ಹಿಡಿದ. ಅದರಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಕಾಡಿನ ಮಧ್ಯೆ ದೊಡ್ಡ ಡ್ರಮ್ಮಿನೊಳಗೆ ಹಳಸಿದ ಕೇಕು, ಕರಿದು ಉಳಿದ ಎಣ್ಣೆ, ಜೇನು ಎಲ್ಲ ಸುರಿಯುತ್ತಿದ್ದ.

"ಇದು ಎಂತ? ಹೋಟೆಲಿನ ಕಸವಾ?" ಎಂದೆ.

"ಇರೆ, ಟೈಲರಣ್ಣ! ಗಾಳಕ್ಕೆ ಇರೆ ಹಾಕುದಿಲ್ವಾ, ಹಾಗೆ ಕರಡಿಗೆ. ಅಲ್ಲಿ ಕರಿ ಕರಡಿ ಬೇಟೆಗೆ ಸೀಸನ್ ಉಂಟು. ಸೀಸನ್ ಶುರು ಆಗುವ ಎಷ್ಟೋ ಮೊದಲೇ ತಿಂಡಿ ಇಟ್ಟು ಅಭ್ಯಾಸ ಮಾಡಿಸ್ತಾರೆ. ಒಂದೇ ಜಾಗ, ಒಂದೇ ಹೊತ್ತು. ಹಾಕುವವ ಒಂದೇ ಅಂಗಿ ಹಾಕಬೇಕು, ವಾಸನೆ ಬದಲಾಗಬಾರದು. ಇಟ್ಟು ಹಿಂದೆ ನೋಡದೆ ಬರಬೇಕು. ಕರಡಿಗೆ ಇದು ತನ್ನದೇ ಜಾಗ ಅಂತ ಧೈರ್ಯ ಬರಬೇಕು. ಆಮೇಲೆ ಅದು ಎಲ್ಲಿಗೂ ಹೋಗುದಿಲ್ಲ."

"ಸರಿ ಮಾರಾಯ. ಕುದ್ರೋಳಿಯಲ್ಲಿ ಕರಡಿ ಎಲ್ಲಿ ಉಂಟು?"

ಮುಖೇಶ ಷಟರಿನ ಕೆಳಗಿಂದ ಬಗ್ಗಿ ಹೊರಗೆ ಬೆರಳು ತೋರಿಸಿದ. ಅವನ ಹಿತ್ತಲಿನ ಆಚೆಯ ಮನೆಯ ಲಯನೆಲ್ ಸಾಹೇಬರು ವಾಕಿಂಗ್ ಮುಗಿಸಿ ಬರುತ್ತಿದ್ದರು. ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತರಾದವರು. ಬಾಗಿಲ ತುಂಬ ಬರುವ ಆಳು. ತಲೆ ಮುಂದೆ ಬಾಗಿಸಿ, ಕೈ ಎರಡೂ ತುಸು ದೂರಕ್ಕೆ ತೂಗುತ್ತ, ಪಾದ ಒಳಮುಖ ಇಟ್ಟು ನಡೆಯುತ್ತಾರೆ. ಇಷ್ಟು ವರ್ಷ ನೋಡಿದ್ದೇನೆ, ಆವತ್ತು ಕಂಡಿತು. ಕೈ ತನ್ನಷ್ಟಕ್ಕೆ ಕೊರಳಿನ ಅಳತೆ ಟೇಪಿಗೆ ಹೋಯಿತು.

"ಹೋಗಿ ಕೇಳು," ಎಂದೆ.

"ಹೇಗೆ ಕೇಳುದು? ಮ್ಯಾನೇಜರ್ ಆಗಿದ್ದವರು. 'ಸರ್, ನೀವು ಕರಡಿ ಹಾಗೆ ಉಂಟು' ಅಂತ ಹೇಳ್ಲಿಕ್ಕೆ ಆಗ್ತದಾ? ಅದೂ ಅಲ್ಲದೆ ಅವರು ಒಂದು ಗುಡ್ ಮಾರ್ನಿಂಗ್ ಸಹ ಹೇಳುದಿಲ್ಲ. ಇಲ್ಲ ಟೈಲರಣ್ಣ, ಕರಡಿ ತಾನಾಗಿ ಬರಬೇಕು. ನೀವು ಯಾರ ಹತ್ರವೂ ಬಾಯಿ ಬಿಡಬಾರದು. ನಿಮ್ಮ ಮೆಶಿನಿನ ಮೇಲೆ ಆಣೆ."

ಮೆಶಿನಿನ ಮೇಲೆ ಆಣೆ ಹಾಕಿಸಿದ ಮೇಲೆ ನಾನು ಮಾಡುವುದೇನಿದೆ? ಇಲ್ಲಿಂದ ಮುಂದೆ ನಡೆದದ್ದನ್ನೆಲ್ಲ ನಾನು ಬಾಯಿ ಹೊಲಿದುಕೊಂಡೇ ನೋಡಬೇಕಾಯಿತು.

ಲಯನೆಲ್ ಸಾಹೇಬರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಬರಬಹುದು ಎಂಬ ಸಂಶಯ ಅವರ ಹೆಂಡತಿ ಗೆರ್ಟ್ರೂಡ್ ಬಾಯಿಯವರಿಗೆ ಇತ್ತು. ಆ ಸಂಶಯದ ಮೇಲೆ ಅವರಿಗೆ ಮೂರು ಹೊತ್ತೂ ಸೌತೆಕಾಯಿ, ರಾಗಿ ಗಂಜಿ. ಗೆರ್ಟ್ರೂಡ್ ಬಾಯಿ ಪ್ರತಿ ಸಂಜೆ ಪ್ರಾರ್ಥನೆಗೆ ಇಗರ್ಜಿಗೆ ಹೋಗುತ್ತಾರೆ. ಅದೇ ಹೊತ್ತಿಗೆ ಮುಖೇಶ ತನ್ನ ಹಿತ್ತಲಿನ ಬಿಂಬುಳಿ ಮರದ ಬುಡದಲ್ಲಿ, ಎರಡು ಮನೆಗಳ ನಡುವಿನ ಕೆಂಪುಕಲ್ಲಿನ ಗೋಡೆ ಕುಸಿದ ಸಂದಿಯ ಎದುರಿಗೇ, ಬಾಳೆಲೆ ಹಾಸಿದ. ಎಲೆಯ ಮೇಲೆ ಬಾಳೆಹಣ್ಣು ಸಕ್ಕರೆ ಕಲಸಿ ಕರಿದ ಬಿಸಿ ಬನ್ಸು, ಕೋಳಿ ಸಾರು ಹಾಕಿದ ಕೋರಿ ರೊಟ್ಟಿ, ಬಂಗುಡೆ ಮೀನಿನ ಪುಳಿಮುಂಚಿ, ಪಕ್ಕದಲ್ಲಿ ಸ್ಟೀಲು ಲೋಟದಲ್ಲಿ ಎರಡು ಗುಟುಕು ಬ್ರಾಂಡಿ. ಇಟ್ಟು ಹಿಂದೆ ನೋಡದೆ ಒಳಗೆ ಬಂದು ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಹೋಗಿ ನೋಡಿದರೆ ಎಲೆ ತೊಳೆದಿಟ್ಟಂತೆ ಸ್ವಚ್ಛ.

ಇದೆಲ್ಲ ಚಂದವೇ. ಮುಖೇಶನ ಮಂಡೆಗೆ ಹೊಳೆಯದೆ ಹೋದ ವಿಷಯ ಒಂದೇ, ಅದು ಪಿತೃಪಕ್ಷ.

ನಮ್ಮ ಕಡೆ ಸತ್ತವರಿಗೆ ಬಡಿಸುವ ಕ್ರಮ ನಿಮಗೆ ಗೊತ್ತಿರಬಹುದು. ಸತ್ತವರು ಬದುಕಿದ್ದಾಗ ಏನು ಇಷ್ಟಪಡುತ್ತಿದ್ದರೋ ಅದನ್ನೇ ಮಾಡಬೇಕು. ಕೋಳಿಯೆಂದರೆ ಕೋಳಿ, ಮೀನೆಂದರೆ ಮೀನು, ಕುಡಿಯುತ್ತಿದ್ದರೆ ಅದೂ. ಮುಸ್ಸಂಜೆಗೆ ಬಾಳೆಲೆಯಲ್ಲಿ ಬಡಿಸಿ, ಹಿಂದೆ ನೋಡದೆ ಬಂದು, ಬಾಗಿಲು ಹಾಕಿ, ಸತ್ತವರ ಕುಲೆಗಳು ಬಂದು ಉಣ್ಣಲಿ ಎಂದು ಕಾಯಬೇಕು. ಗಡ್ಡದವನ ದೇಶದ ಕರಡಿಗೂ ನಮ್ಮ ಓಣಿಯ ಸತ್ತವರಿಗೂ ಇಷ್ಟೊಂದು ಒಂದೇ ಮರ್ಯಾದೆ ಎಂದು ನನಗೂ ಆವರೆಗೆ ತಿಳಿದಿರಲಿಲ್ಲ.

ಮೊದಲು ಕಂಡದ್ದು ಪಕ್ಕದ ಮನೆಯ ರಮ್ಲಾಳಿಗೆ. ತಾರಸಿಯಲ್ಲಿ ಒಣಗಿಸಿದ ಬಟ್ಟೆ ತೆಗೆಯಲು ಹೋದವಳು ನೋಡಿದಳು: ಬಾಳೆಲೆ, ಕೋರಿ ರೊಟ್ಟಿ, ಲೋಟ. ಮುಖೇಶನನ್ನು ನೋಡಿದಳು: ಬೇಟೆಗಾರನ ಮೀಸೆಗೆಂದು ಬಿಟ್ಟ ಕೂದಲು ಗಡ್ಡಕ್ಕೂ ಹಬ್ಬಿತ್ತು, ಸದ್ದಾಗಬಾರದೆಂದು ಚಪ್ಪಲಿ ಬಿಟ್ಟಿದ್ದ, ವಾರದಿಂದ ಅದೇ ಹಸಿರು ಶರ್ಟು. ಮನೆಯ ಮೀನೆಲ್ಲ ಎಲೆಗೇ ಹೋಗುತ್ತಿದ್ದರಿಂದ ಅವನ ಊಟಕ್ಕೆ ಬರೀ ಗಂಜಿ ಉಪ್ಪಿನಕಾಯಿ. ಕೊಟ್ಟಾರಕ್ಕೆ ಹೋದ ದುಗ್ಗಪ್ಪಣ್ಣನ ಸುದ್ದಿಯೇ ಇಲ್ಲದೆ ಎಷ್ಟೋ ದಿನವಾಗಿತ್ತು. ಕೋರಿ ರೊಟ್ಟಿ ಅವರ ಪ್ರಾಣ ಎಂಬುದು ಓಣಿಯ ನಾಯಿಗೂ ಗೊತ್ತು. ಎಲ್ಲ ಸೂತಕದ ಲಕ್ಷಣವೇ ಎಂದು ರಮ್ಲಾ ಬಟ್ಟೆ ಅಲ್ಲೇ ಬಿಟ್ಟು ಇಳಿದು ಬಂದಳು.

"ಪ್ರಣೀತಾ, ನಿನ್ನ ಮಾವ..." ಎಂದು ಗೇಟಿನಲ್ಲಿ ನಿಂತು ಕೇಳಿದಳು.

ಮುಖೇಶನ ಹೆಂಡತಿ ಪ್ರಣೀತಾ ಆಗಷ್ಟೇ ಪುಳಿಮುಂಚಿಗೆ ಒಣಮೆಣಸು ಹುರಿದು ಹೊರಗೆ ಬಂದಿದ್ದಳು. ಕಣ್ಣು ಕೆಂಪು, ಮೂಗಿನಲ್ಲಿ ನೀರು. ಮಾತಾಡಲು ಬಾಯಿ ತೆರೆದರೆ ಕೆಮ್ಮು. ಕೈ ಆಡಿಸಿ, ಸೆರಗು ಮುಖಕ್ಕೆ ಒತ್ತಿಕೊಂಡು ಒಳಗೆ ಓಡಿದಳು. ರಮ್ಲಾಳಿಗೆ ಇನ್ನೇನು ಬೇಕು? ಅವಳೂ ಅಳುತ್ತಲೇ ನನ್ನ ಅಂಗಡಿಗೆ ಬಂದಳು.

"ಟೈಲರಣ್ಣ, ಸತ್ಯ ಹೇಳಿ. ದುಗ್ಗಪ್ಪಣ್ಣ ಹೋದದ್ದಾ?"

ನಾನು ಮೆಶಿನು ನೋಡಿದೆ. ಮೆಶಿನು ನನ್ನನ್ನು ನೋಡಿತು. ಆಣೆ ಆಣೆಯೇ. ತಲೆ ತಗ್ಗಿಸಿ ದಾರ ಪೋಣಿಸತೊಡಗಿದೆ.

"ಅಲ್ಲಾ! ನಿಮಗೆ ಮಾತೇ ಬರುದಿಲ್ಲ ಅಂದ್ರೆ..." ಎಂದವಳೇ ಹೋದಳು.

ಸಂಜೆಗೆ ಮುಖೇಶನ ಮನೆಗೆ ಅವಳ ಮನೆಯಿಂದ ದೊಡ್ಡ ಪಾತ್ರೆ ತುಂಬ ನೆಯ್ಚೋರು ಎಂಬ ತುಪ್ಪದನ್ನ, ಕೋಳಿ ಸಾರು ಬಂತು. ದುಃಖದ ಮನೆಯಲ್ಲಿ ಒಲೆ ಹಚ್ಚಬಾರದೆಂದು ಕಳಿಸಿದ್ದು. ಮುಖೇಶನಿಗೆ ಏಕೆ ಎಂದು ಹೊಳೆಯಲಿಲ್ಲ. ಒಳ್ಳೆಯ ನೆರೆಯವರು ಎಂದುಕೊಂಡು ಅರ್ಧ ಎಲೆಗೆ ಹಾಕಿದ. ಅದೂ ಖಾಲಿ.

ಅವನು ಹಳೆಯ ಮೊಬೈಲೊಂದನ್ನು ಬಿಂಬುಳಿ ಮರಕ್ಕೆ ಕಟ್ಟಿ ವಿಡಿಯೋ ಹಿಡಿದಿದ್ದ. ಅದರಲ್ಲಿ ಕಪ್ಪು ರೇನ್‌ಕೋಟು ಹಾಕಿದ ಒಂದು ವಿಶಾಲವಾದ ಬೆನ್ನು, ಅಷ್ಟೇ. "ನೋಡಿ ಟೈಲರಣ್ಣ, ಆ ಕೂರುವ ಗತ್ತು ನೋಡಿ! ನಾಲ್ಕು ಕಾಲಲ್ಲೇ ಸಂದಿಯಿಂದ ಬರುದು, ತಿಂದು ನಾಲ್ಕು ಕಾಲಲ್ಲೇ ಹೋಗುದು! ಅಣ್ಣುವಿಗೆ ಇದನ್ನು ಕಲಿಸ್ಲಿಕ್ಕೆ ಅಪ್ಪನಿಗೆ ಎಷ್ಟು ವರ್ಷ ಬೇಕಾಯ್ತು!" ಎಂದು ಹಿಗ್ಗಿದ. ನಾನೂ ಹಿಗ್ಗಿದೆ. ಸುಳ್ಳು ಯಾಕೆ ಹೇಳಲಿ, ಬೆನ್ನಿನ ಅಗಲವನ್ನು ಕಣ್ಣಳತೆಯಲ್ಲೇ ಹಿಡಿದು ಅವತ್ತೇ ಬಟ್ಟೆ ಕತ್ತರಿಸಿದೆ.

ಇತ್ತ ಪಾಲಿಕೆಯ ಕಸದ ಮೇಲ್ವಿಚಾರಕಿ ಭವ್ಯಶ್ರೀ ಮೇಡಂ ಬಂದರು. ಬಯಲಲ್ಲಿ ಅನ್ನ ಎಸೆಯುತ್ತಾರೆ ಎಂದು ಯಾರೋ ದೂರು ಕೊಟ್ಟಿದ್ದರಂತೆ. ದಂಡ ಹಾಕಲೆಂದೇ ಬಿರುಸಿನಲ್ಲಿ ಹಿತ್ತಲಿಗೆ ನುಗ್ಗಿದವರು ಎಲೆ, ಲೋಟ ನೋಡಿ ಅಲ್ಲೇ ನಿಂತರು. ಮೆಲ್ಲಗೆ ಚಪ್ಪಲಿ ಕಳಚಿದರು.

"ಇದು... ಮನೆಯ ಹಿರಿಯರಿಗಾ?" ಎಂದು ದನಿ ತಗ್ಗಿಸಿ ಕೇಳಿದರು.

ಮುಖೇಶ ಪಿಳಿಪಿಳಿ ಕಣ್ಣು ಬಿಟ್ಟ. ಕರಡಿಗೆ ಎಂದು ಹೇಳಲಾದೀತೇ? "ಹ್ಞೂಂ, ಹಾಗೇ ಅಂತ ಇಟ್ಟುಕೊಳ್ಳಿ ಮೇಡಂ," ಎಂದ.

"ಬನ್ಸು ಇಟ್ಟದ್ದು ಒಳ್ಳೆದಾಯ್ತು. ನಮ್ಮ ಅಜ್ಜನಿಗೂ ಬನ್ಸು ಭಾರೀ ಇಷ್ಟ," ಎಂದು ಕೈಮುಗಿದು, ಹಿಂದೆ ನೋಡದೆ ನಡೆದರು. ಓಣಿಯ ಬಾಯಲ್ಲಿ ಬರೀ ಸುದ್ದಿಯಾಗಿದ್ದದ್ದು ಅಲ್ಲಿಗೆ ಸರಕಾರದ ಮಟ್ಟದಲ್ಲೂ ಖಾತ್ರಿಯಾಯಿತು.

ಆಮೇಲೆ ಯಾರ ಕೈಯಲ್ಲೂ ನಿಲ್ಲಲಿಲ್ಲ. ಹುಲಿ ತಂಡದ ಹುಡುಗರು ಹಿರಿಯ ಬೇಟೆಗಾರನಿಗೆ ಮರ್ಯಾದೆಯೆಂದು ಡೋಲಿನ ಅಭ್ಯಾಸ ನಿಲ್ಲಿಸಿದರು. ಗೌರವ್ ಮುಂದೆ ನಿಂತು ಓಣಿಯ ಬಾಯಲ್ಲಿ ದೊಡ್ಡ ಫ್ಲೆಕ್ಸು ಕಟ್ಟಿಸಿದ. ಖಾಕಿ ಕೋಟು, ಟೊಪ್ಪಿ ಹಾಕಿ ಕೋವಿ ಹಿಡಿದ ದುಗ್ಗಪ್ಪಣ್ಣ, ಕೆಳಗೆ ಸತ್ತ ಕರಡಿ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ತನ್ನ ಕೆಲಸದ ಅಂಗಡಿಗೆ ಬೇರೆ ದಾರಿಯಲ್ಲಿ ಹೋಗುವ ಮುಖೇಶನಿಗೆ ಅದು ಕಾಣಲಿಲ್ಲ. ನನಗೆ ಕಂಡಿತು. ಇನ್ನು ಆಣೆಯೂ ಬೇಡ ಮೆಶಿನೂ ಬೇಡ ಎಂದು ಅವನ ಮನೆಗೆ ಓಡಿದೆ.

"ಮುಖೇಶ, ನಿನ್ನ ಅಪ್ಪನನ್ನು ಓಣಿಯವರೆಲ್ಲ ಸೇರಿ ಕೊಂದು ಹಾಕಿದ್ದಾರೆ ಮಾರಾಯ!"

"ಶ್‌ಶ್!" ಎಂದ ಅವನು, ಎಲೆ ಒರೆಸುತ್ತ. "ಸಂಜೆ ಆಯ್ತು. ಕರಡಿ ಬರುವ ಹೊತ್ತು. ಆಮೇಲೆ ಮಾತಾಡುವಾ."

ಅಷ್ಟರಲ್ಲಿ ಮನೆಯ ಮುಂಭಾಗಕ್ಕೆ ಜನ ಬರತೊಡಗಿದ್ದರು. ರಮ್ಲಾ, ಊರುಗೋಲು ಹಿಡಿದ ಅಣ್ಣು, ಹುಲಿ ಹುಡುಗರು. ಇಗರ್ಜಿಗೆ ಹೊರಟಿದ್ದ ಗೆರ್ಟ್ರೂಡ್ ಬಾಯಿ ಕೂಡ ಕೈಯಲ್ಲಿ ಮೇಣದಬತ್ತಿ ಹಿಡಿದು ಸಾಂತ್ವನ ಹೇಳಲು ಬಂದು ಕೂತರು. "ಒಳ್ಳೆ ಮನುಷ್ಯ, ಪಾಪ. ನಮ್ಮ ಲಯನೆಲ್ ಸಹ ಭಾರೀ ಬೇಜಾರಲ್ಲಿದ್ದಾರೆ. ದಿನಾ ಬೆಳಿಗ್ಗೆ ಅವರ ಆತ್ಮಕ್ಕೆ ಒಂದು ಮೇಣದಬತ್ತಿ ಹಚ್ಚುತ್ತಾರೆ. ಯಾಕೋ ಊಟವೂ ಸೇರುದಿಲ್ಲ ಅವರಿಗೆ," ಎಂದರು. ಪ್ರಣೀತಾ ಒಬ್ಬೊಬ್ಬರ ಮುಖವನ್ನೂ ನೋಡುತ್ತ, ಯಾರು ಸತ್ತದ್ದೆಂದು ಕೇಳಿದರೆ ಮರ್ಯಾದೆ ಹೋಗುತ್ತದೆಂದು ಎಲ್ಲರಿಗೂ ಶರಬತ್ತು ಕೊಟ್ಟಳು.

ಅದೇ ಹೊತ್ತಿಗೆ ಹಿತ್ತಲಿನ ಬದಿಯ ರಸ್ತೆಯಲ್ಲಿ ರಿಕ್ಷಾ ನಿಂತಿತು. ಜಿತೇಶನ ವಾಟ್ಸಾಪಿಗೆ ಬಂದಿದ್ದ ತನ್ನ ಶ್ರದ್ಧಾಂಜಲಿ ನೋಡಿ ದುಗ್ಗಪ್ಪಣ್ಣ ಬಂದಿದ್ದರು. ಮೈಮೇಲೆ ಬೇಟೆಗಾರನ ಖಾಕಿ ಕೋಟು, ತಲೆಗೆ ಟೊಪ್ಪಿ, ಕಂಕುಳಲ್ಲಿ ಕೇಪು ತುಂಬಿದ ಕೋವಿ. ಹಿತ್ತಲಲ್ಲಿ ನಾವಿಬ್ಬರೇ. ಎಲೆ ಇಟ್ಟು ಆಗಿತ್ತು. ಮುಖೇಶ ತೆಂಗಿನ ಮರಕ್ಕೆ ಒರಗಿಬಿಟ್ಟ.

"ಫ್ಲೆಕ್ಸು ನೋಡಿದೆ," ಎಂದರು ದುಗ್ಗಪ್ಪಣ್ಣ. "ಫೋಟೋ ಚಂದ ಉಂಟು. ಅದನ್ನು ಯಾರೂ ಮುಟ್ಟಬಾರದು."

"ಅಪ್ಪ, ಎಂತ ಫ್ಲೆಕ್ಸು..."

"ಬಾಯಿ ಮುಚ್ಚು. ಇದು ನನಗೆ ಇಟ್ಟ ಎಲೆಯಾ?" ಅವರು ಟಾರ್ಚು ಹಾಕಿ ಬಗ್ಗಿದರು. "ಬಂಗುಡೆ ಉಂಟು, ಸರಿ. ರೊಟ್ಟಿ ಉಂಟು, ಸರಿ. ಬನ್ಸು ಯಾರಿಗೆ ಬೇಕು? ಬದುಕಿರುವಾಗ ಒಮ್ಮೆ ಸಹ ನನಗೆ ಎಂತ ಬೇಕು ಅಂತ ಕೇಳಿದವನಲ್ಲ. ಸತ್ತ ಮೇಲಾದರೂ ಕೇಳಬಹುದಿತ್ತಲ್ಲ!"

ಟಾರ್ಚು ಆರಿಸಿ, ಬಿಂಬುಳಿ ಮರದ ಬುಡದಲ್ಲಿ ಕಾಲು ಚಾಚಿ ಕೂತು, ಕೋವಿ ತೊಡೆಯ ಮೇಲಿಟ್ಟು ಊಟಕ್ಕೇ ತೊಡಗಿದರು. ಕೊಟ್ಟಾರದ ಮಗಳ ಮನೆಯಲ್ಲಿ ಜಿತೇಶ ಡಯಟ್ಟು ಎಂದು ಎಲ್ಲರಿಗೂ ಓಟ್ಸು ತಿನ್ನಿಸುತ್ತಿದ್ದನಂತೆ. ಲೋಟವನ್ನೂ ಎತ್ತಿದರು.

ಆಗ ಗೋಡೆಯ ಸಂದಿಯಲ್ಲಿ ಸರಸರ ಸದ್ದಾಯಿತು. ಕಪ್ಪಗೆ, ದೊಡ್ಡದಾಗಿ, ನಾಲ್ಕು ಕಾಲಿನಲ್ಲಿ ಲಯನೆಲ್ ಸಾಹೇಬರು ಒಳಗೆ ಬಂದರು. ಮೂಗು ಮೊದಲು ಎಲೆಯ ಕಡೆಗೆ ಬಂತು, ಕಣ್ಣು ಆಮೇಲೆ ಮೇಲೆದ್ದಿತು. ಎಲೆಯ ಆಚೆ, ಯಾರ ಆತ್ಮಕ್ಕೆ ಅವರು ದಿನವೂ ಮೇಣದಬತ್ತಿ ಹಚ್ಚುತ್ತಿದ್ದರೋ ಆ ದುಗ್ಗಪ್ಪಣ್ಣ, ಫ್ಲೆಕ್ಸಿನಲ್ಲಿದ್ದ ಅದೇ ಕೋಟು ಅದೇ ಟೊಪ್ಪಿಯಲ್ಲಿ, ಬಂಗುಡೆಯ ಮುಳ್ಳು ತೆಗೆಯುತ್ತ ಕೂತಿದ್ದರು.

"ಸಾಯ್ಬಾ ಭೊಗೊಸ್!"

ದೇವರಲ್ಲಿ ಕ್ಷಮೆ ಕೇಳುವ ಆ ಮಾತು ಅವರ ಗಂಟಲಿನಲ್ಲಿ ಗರ್ಜನೆಯಾಗಿ ಬಂತು. ಎರಡು ಕಾಲಿನ ಮೇಲೆ ಎದ್ದು, ಎರಡೂ ಕೈ ಆಕಾಶಕ್ಕೆತ್ತಿ, ಬಾಯಿ ತೆರೆದು ನಿಂತರು. ದುಗ್ಗಪ್ಪಣ್ಣನ ಕೈ ಯಾರನ್ನೂ ಕೇಳಲಿಲ್ಲ. ಲೋಟ ಬಿತ್ತು, ಕೋವಿ ಎದ್ದಿತು.

ಢಂ!

ಲಯನೆಲ್ ಸಾಹೇಬರು ಒಮ್ಮೆ ಸುತ್ತು ತಿರುಗಿ, ಎದೆ ಹಿಡಿದು, ಒಂದು ಕಾಲು ಎತ್ತಿ, ಇಡೀ ಮೈ ನೆಲಕ್ಕೆ ಬೀಳಿಸಿದರು. ಬಿಂಬುಳಿ ಕಾಯಿಗಳು ಪಟಪಟ ಉದುರಿದವು. ಮುಂಭಾಗದಲ್ಲಿ ಶರಬತ್ತು ಕುಡಿಯುತ್ತಿದ್ದವರೆಲ್ಲ ಹಿತ್ತಲಿಗೆ ನುಗ್ಗಿದರು. ರಮ್ಲಾ ದುಗ್ಗಪ್ಪಣ್ಣನನ್ನು ನೋಡಿ ಕಿರುಚಿದಳು. ಗೆರ್ಟ್ರೂಡ್ ಬಾಯಿ ಗಂಡನನ್ನು ನೋಡಿ ಕಿರುಚಿದರು. ಅಣ್ಣು ಒಬ್ಬನೇ ಊರುಗೋಲಿನ ಮೇಲೆ ಮುಂದೆ ಬಾಗಿ, ಬಿದ್ದವರನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಎಂಥಾ ಬೀಳುದು ಮಾರಾಯ್ರೇ!" ಎಂದ.

"ಹೌದು," ಎಂದರು ದುಗ್ಗಪ್ಪಣ್ಣ, ಕೋವಿಯ ಹೊಗೆ ಊದುತ್ತ. "ಇಷ್ಟು ಕರಡಿ ಹೊಡೆದಿದ್ದೇನೆ. ಇಷ್ಟು ಚಂದ ಬಿದ್ದದ್ದು ಒಂದೂ ಇಲ್ಲ."

ಹೊಗಳಿಕೆ ಕೇಳಿ ಕರಡಿ ಒಂದು ಕಣ್ಣು ಬಿಟ್ಟಿತು. ಗೆರ್ಟ್ರೂಡ್ ಬಾಯಿ ಮೇಣದಬತ್ತಿ ತಗ್ಗಿಸಿ ರೇನ್‌ಕೋಟಿನ ಜೇಬಿಗೆ ಕೈ ಹಾಕಿದರು. ಒಳಗಿನಿಂದ ಕರವಸ್ತ್ರದಲ್ಲಿ ಸುತ್ತಿದ ನಿನ್ನೆಯ ಬನ್ಸು ಬಂತು.

"ಲಯನೆಲ್! ಸತ್ತವರ ಊಟ ತಿಂದದ್ದಾ ನೀವು?"

"ಸತ್ತವರು ಪೂರ್ತಿ ತಿನ್ನುದಿಲ್ಲ ಗೆರ್ಟಿ," ಎಂದು ಅವರು ಮಲಗಿದಲ್ಲಿಂದಲೇ ಹೇಳಿದರು. "ವೇಸ್ಟ್ ಆಗ್ತದೆ ಅಂತ... ನಾನು ದಿನಾ ಕ್ಷಮೆ ಕೇಳ್ತಾ ಇದ್ದೆ."

ಈಗ ಮುಖೇಶ ತೆಂಗಿನ ಮರ ಬಿಟ್ಟು ಮುಂದೆ ಬಂದ. ಗಡ್ಡ, ಹಸಿರು ಶರ್ಟು, ಬರಿಗಾಲು. ಗಡ್ಡದವನ ವಿಡಿಯೋದಲ್ಲಿ ಕರಡಿಯನ್ನು ಮಾತಾಡಿಸುವ ಭಾಗ ಇರಲಿಲ್ಲ. ಕೈ ಜೋಡಿಸಿ, ತೊದಲುತ್ತ, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿ, ಕಡೆಗೆ ಕೇಳಿದ: "ಲಯನೆಲ್ ಸರ್, ನೀವು ನಮ್ಮ ಕರಡಿ ಆಗ್ತೀರಾ?"

ಲಯನೆಲ್ ಸಾಹೇಬರು ಎದ್ದು ಕೂತರು, ರೇನ್‌ಕೋಟಿನ ಕಾಲರು ಸರಿಮಾಡಿಕೊಂಡರು.

"ಇದನ್ನು ಮೊದಲ ದಿನವೇ ಬಂದು ಕೇಳಿದ್ರೆ ಆಗ್ತಿತ್ತಲ್ಲ ಮಾರಾಯ," ಎಂದರು. "ಸಣ್ಣದಿರುವಾಗ ನಾನು ದುಗ್ಗಪ್ಪಣ್ಣನ ಕರಡಿಯ ಹಿಂದೆ ಬಂದರಿನ ತನಕ ಓಡಿದವ. ನನಗೆ ಯಾವಾಗಲೂ ಆಸೆ ಇತ್ತು. ಯಾರೂ ಕೇಳ್ಲೇ ಇಲ್ಲ."

ಮುಖೇಶ ನನ್ನ ಮುಖ ನೋಡಿದ. ನಾನು ಬಿಂಬುಳಿ ಮರ ನೋಡಿದೆ. ಎಷ್ಟು ಬಂಗುಡೆ ಹೋಯಿತು, ಎಷ್ಟು ಬನ್ಸು ಹೋಯಿತು, ಒಬ್ಬ ಜೀವಂತ ಮನುಷ್ಯನನ್ನು ಕೊಂದೂ ಆಯಿತು!

ಗೆರ್ಟ್ರೂಡ್ ಬಾಯಿ ಒಂದು ಷರತ್ತಿನ ಮೇಲೆ ಒಪ್ಪಿದರು: ಕುಣಿದ ಮನೆಗಳಲ್ಲಿ ಸಾಹೇಬರಿಗೆ ಯಾರೂ ಸಿಹಿ ಕೊಡಬಾರದು. ದುಗ್ಗಪ್ಪಣ್ಣನ ಷರತ್ತು ಬೇರೆ ಇತ್ತು. "ಕರಡಿ ಆಯ್ತು. ಬೇಟೆಗಾರ ಆಯ್ತಾ ಅಂತ ನಾನು ನೋಡಬೇಕು. ಕೋವಿ ಯಾರದ್ದು ಅಂತ ಮಾರ್ನಮಿಯ ಮೊದಲ ಆಟ ನೋಡಿ ಹೇಳ್ತೇನೆ." ಜಿತೇಶ ಎಲ್‌ಇಡಿ ಲೈಟಿನ ಸುರುಳಿ ಜೇಬಿನಲ್ಲಿಟ್ಟುಕೊಂಡೇ ಮೊದಲ ಆಟಕ್ಕೆ ಬಂದ.

ಆ ಆಟವನ್ನು ಹೇಗೆ ಹೇಳಲಿ! ಓಣಿಯ ಬಾಯಲ್ಲಿ, ಅದೇ ಶ್ರದ್ಧಾಂಜಲಿ ಫ್ಲೆಕ್ಸಿನ ಕೆಳಗೆ, ದುಗ್ಗಪ್ಪಣ್ಣ ಕುರ್ಚಿ ಹಾಕಿ ಕೂತಿದ್ದರು. ಡೋಲು ತಾಸೆ ಎದ್ದವು. ನನ್ನ ಹೊಸ ಅಂಗಿಯಲ್ಲಿ ಲಯನೆಲ್ ಸಾಹೇಬರು ಬಂದಾಗ ನಾರು ಅಲ್ಲಾಡದ ಜಾಗವೇ ಇರಲಿಲ್ಲ. ಮುಂದೆ ನಿಂತಿದ್ದ ಗೌರವ್ ತಾನಾಗಿ ಎರಡು ಹೆಜ್ಜೆ ಹಿಂದೆ ಹೋದ, ಗೋಣಿ ಎಂದವನು! ನನ್ನ ಎದೆ ಎಷ್ಟು ಉಬ್ಬಿತೆಂದರೆ ನಾನೇ ಹೊಲಿದ ಶರ್ಟಿನ ಗುಂಡಿ ಹಾರಿತು. ಮುಖೇಶನೂ ಬೇರೆಯೇ ಆಗಿದ್ದ. ಅಷ್ಟು ದಿನ ಬರಿಗಾಲಲ್ಲಿ ಸದ್ದಿಲ್ಲದೆ ನಡೆದ ಅಭ್ಯಾಸ ಕಾಲಿಗೆ ಹತ್ತಿತ್ತು. ಅವನು ಮರೆಯಿಂದ ಮರೆಗೆ ಸರಿಯುವಾಗ ಜನರು ಉಸಿರು ಹಿಡಿದರು.

ಢಂ! ಕರಡಿ ಸುತ್ತಿತು, ಎದೆ ಹಿಡಿಯಿತು, ಒಂದು ಕಾಲು ಎತ್ತಿತು, ಬಿತ್ತು. ಮಕ್ಕಳು ಅತ್ತವು. ಡೋಲು ನಿಂತಿತು. ಇನ್ನು ಕರಡಿ ಏಳಬೇಕು.

ಕರಡಿ ಏಳಲಿಲ್ಲ.

ಅಣ್ಣು "ಏಳಿ ಸರ್" ಎಂದು ಪಿಸುಗುಟ್ಟಿದ. ಇಲ್ಲ. ಮಕ್ಕಳ ಅಳು ಜೋರಾಯಿತು. ಗೆರ್ಟ್ರೂಡ್ ಬಾಯಿ "ಲಯನೆಲ್!" ಎಂದು ನೀರಿನ ಬಾಟಲಿ ಹಿಡಿದು ಎದ್ದರು. ಜಿತೇಶ ಆಂಬುಲೆನ್ಸಿಗೆ ಮೊಬೈಲು ತೆಗೆದ. ದುಗ್ಗಪ್ಪಣ್ಣ ಕುರ್ಚಿಯ ಕೈ ಹಿಡಿದು ಅರ್ಧ ಎದ್ದವರು ಹಾಗೇ ನಿಂತರು. ನಾನು ಜೇಬಿನಲ್ಲಿ ಕತ್ತರಿ ಹುಡುಕಿದೆ. ಅಂಗಿಯ ಕುತ್ತಿಗೆ ಬಿಗಿ ಮಾಡಿದವನು ನಾನು.

ಮುಖೇಶ ಮಾತ್ರ ಕೈ ಎತ್ತಿ ಎಲ್ಲರನ್ನೂ ತಡೆದ. ಕೋವಿ ಕಂಕುಳಿಗೆ ಸಿಕ್ಕಿಸಿ, ಬೇಟೆಗಾರನ ಕೋಟಿನ ಜೇಬಿನಿಂದ ಬಾಳೆಲೆಯ ಸಣ್ಣ ಪೊಟ್ಟಣ ತೆಗೆದ. ಕೂತು, ಎಲೆ ಬಿಡಿಸಿ, ಕರಡಿಯ ಮೂಗಿನಿಂದ ಒಂದು ಕೈ ದೂರದಲ್ಲಿ, ಗಾಳಿ ಬರುವ ಬದಿಗೆ ಸರಿಯಾಗಿ ಇಟ್ಟ. ಬಿಸಿ ಬನ್ಸು. ಎದ್ದು, ಬೆನ್ನು ತಿರುಗಿಸಿ, ಹಿಂದೆ ನೋಡದೆ ನಡೆದು ಬಂದು ಅಪ್ಪನ ಎದುರು ನಿಂತ.

ಕರಡಿಯ ಕೈ ಮೆಲ್ಲಗೆ ಚಾಚಿತು. ಬನ್ಸಿನ ಮೇಲೆ ಬಿತ್ತು. ಮುಖವಾಡ ಒಂದಿಷ್ಟು ಮೇಲೆದ್ದಿತು, ಬನ್ಸು ಒಳಗೆ ಹೋಯಿತು. ಅಳುತ್ತಿದ್ದ ಮಕ್ಕಳು ಕೇಕೆ ಹಾಕಿದವು. ಸಾಯುವುದು ಅಷ್ಟು ಹಿತವಾಗಿತ್ತು, ಏಳಲು ಮನಸ್ಸೇ ಬರಲಿಲ್ಲ ಎಂದು ಲಯನೆಲ್ ಸಾಹೇಬರು ಆಮೇಲೆ ಹೇಳಿದರು. ಗೆರ್ಟ್ರೂಡ್ ಬಾಯಿ ಬನ್ಸಿನಲ್ಲಿ ಸಕ್ಕರೆ ಎಷ್ಟೆಂದು ಕೇಳುವುದನ್ನು ಮರೆತು ಚಪ್ಪಾಳೆ ತಟ್ಟುತ್ತಿದ್ದರು.

ದುಗ್ಗಪ್ಪಣ್ಣ ಮಗನ ಮುಖ ನೋಡಿದರು. ಕರಡಿ ಚಂದ ಮಾಡಿತು ಎನ್ನುತ್ತಾರೆ ಎಂದು ನಾನೂ ಕಾದೆ, ಅವನೂ ಕಾದ.

"ನಮ್ಮ ಮನೆಯಲ್ಲಿ ಕರಡಿ ಕೊಂದವರು ಬೇಕಾದಷ್ಟು ಜನ ಆದರು," ಎಂದರು ಅವರು. "ಸತ್ತ ಕರಡಿಯನ್ನು ಎಬ್ಬಿಸಿದವ ನೀನೊಬ್ಬನೇ ಮಗ. ಕೋವಿ ನಿನ್ನದೇ. ದಶಮಿಗೆ ವಾಪಸು ಕೊಡ್ಲಿಕ್ಕೆ ಇಲ್ಲ."

ಜಿತೇಶ ಲೈಟಿನ ಸುರುಳಿಯನ್ನು ಜೇಬಿನ ಆಳಕ್ಕೆ ತಳ್ಳಿದ. ಮುಖೇಶ ಕೋವಿ ಹಿಡಿದುಕೊಂಡೇ ಅಪ್ಪನನ್ನು ತಬ್ಬಿ ಗಳಗಳನೆ ಅತ್ತ. ಆ ತಬ್ಬಿಕೊಳ್ಳುವ ಗಡಿಬಿಡಿಯಲ್ಲಿ ಬೆರಳು ಕೋವಿಯ ಕುದುರೆಗೆ ತಾಗಿತು.

ಢಂ!

ಆಗಷ್ಟೇ ಎದ್ದು ನಿಂತಿದ್ದ ಲಯನೆಲ್ ಸಾಹೇಬರು, ಬಾಯಲ್ಲಿ ಇನ್ನೂ ಅರ್ಧ ಬನ್ಸು, ಒಮ್ಮೆ ಸುತ್ತು ತಿರುಗಿ, ಎದೆ ಹಿಡಿದು, ಒಂದು ಕಾಲು ಎತ್ತಿ ಮತ್ತೆ ಬಿದ್ದರು.